ಬಂದಾದ ಮಾಡೆಲ್ಲಿನ ಮೌಶಿ

ಹೈದರಾಬಾದಿನ ಗುಜರಿ ಅಂಗಡಿಯವರಿಗೆಲ್ಲ ನಮ್ಮ ಮೌಶಿ ಗೊತ್ತು. ಬಂಗಾರದ ಅಂಗಡಿಯವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ರಾಣಿಗಂಜಿನ ಓಣಿಯಲ್ಲಿ ಆಕೆ ಆಟೋದಿಂದ ಇಳಿದರೆ ಸಾಕು, ತುಕ್ಕು ಹಿಡಿದ ಪಂಪು ಮೋಟಾರುಗಳ ನಡುವಿನಿಂದ ನಾಲ್ಕಾರು ತಲೆಗಳು ಎದ್ದು "ಆಯಿಯೇ ಮೇಡಂ, ಚಾಯ್ ಪೀತೇ?" ಅನ್ನುತ್ತಿದ್ದವು. ಮೌಶಿ ಚಹಾ ಕುಡಿಯುತ್ತಿದ್ದಳು. ಕುಡಿಯುತ್ತಲೇ ಅವರ ಅಂಗಡಿಯ ಮೂಲೆಮೂಲೆಯನ್ನು ಕಣ್ಣಿನಿಂದ ಗುಡಿಸುತ್ತಿದ್ದಳು. ಇಂಥ ಹೆಂಗಸನ್ನು ಸೀರೆ ಅಂಗಡಿಗೆ ಕರೆದುಕೊಂಡು ಹೋದರೆ ಏನಾಗಬಹುದು? ನಾನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಬಾಗಿಲಿನ ಹತ್ತಿರದ ಸ್ಟೂಲಿನ ಮೇಲೆ ಕೂತು, ಲಿಫ್ಟಿನವನ ಜೊತೆ ಅವನ ಲಿಫ್ಟು ಯಾಕೆ ಎರಡನೇ ಮಹಡಿಯಲ್ಲಿ ನಡುಗುತ್ತದೆ ಅಂತ ಮಾತಾಡಿ ಎದ್ದು ಬಂದಳು. ಅವತ್ತು ಕೊಂಡ ಸೀರೆಯ ಬಣ್ಣ ಯಾವುದು ಅಂತ ಇವತ್ತಿಗೂ ಆಕೆಗೆ ಗೊತ್ತಿಲ್ಲ.

ಮೌಶಿ ಅಂದರೆ ನಮ್ಮ ಅವ್ವನ ತಂಗಿ. ರಾಯಚೂರಿನವರು ನಾವು. ಅವ್ವ ರಾಯಚೂರಿನಲ್ಲೇ ಉಳಿದಳು. ಮೌಶಿ ಇಂಜಿನಿಯರಿಂಗ್ ಓದಲಿಕ್ಕೆ ಹೈದರಾಬಾದಿಗೆ ಬಂದವಳು ಅಲ್ಲೇ ಕೆಲಸ ಹಿಡಿದು, ಅಲ್ಲೇ ಮದುವೆಯಾಗಿ, ನಾರಾಯಣಗೂಡದ ಒಂದು ಹಳೇ ಮನೆಯ ಮೇಲಿನ ಮಹಡಿಯಲ್ಲಿ ಸಂಸಾರ ಹೂಡಿದಳು. ಆಕೆಯ ಗಂಡ, ಅಂದರೆ ನಮ್ಮ ಕಾಕಾ, ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಲೈಬ್ರರಿಯನ್. ಮಕ್ಕಳಿರಲಿಲ್ಲ. ನನಗೆ ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಜನ ಆರಿಸುವ ವಿಭಾಗದಲ್ಲಿ ನೌಕರಿ ಸಿಕ್ಕಾಗ, ಅವ್ವ ನನ್ನನ್ನು ಅವರ ಮನೆಗೆ ತಂದು ಬಿಟ್ಟು, "ಹುಡುಗಿ ಮ್ಯಾಲ ಕಣ್ಣಿಡು" ಅಂತ ತಂಗಿಗೆ ಹೇಳಿ ಹೋದಳು. ಮೌಶಿ ಕಣ್ಣಿಡಬೇಕಾದ ಪದಾರ್ಥಗಳು ಆ ಮನೆಯಲ್ಲಿ ಬೇರೆಯೇ ಇದ್ದವು.

ಅದು ಗೊತ್ತಾದದ್ದು ಮೊದಲನೇ ದಿನವೇ. ಬಟ್ಟೆ ಇಡಲಿಕ್ಕೆಂದು ಕೋಣೆಯ ಕಬ್ಬಿಣದ ಅಲಮಾರಿ ತೆರೆದೆ. ಒಳಗೆ ಒಂದು ಸೀರೆಯೂ ಇಲ್ಲ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೀಲಗಳಲ್ಲಿ ಹಸಿರು ಹಸಿರು ಕಾರ್ಡುಗಳು, ಒಂದೊಂದೂ ಹೋಳಿಗೆಯ ತಟ್ಟೆಯಷ್ಟು ದೊಡ್ಡವು, ಸಾಲಾಗಿ ನಿಂತಿದ್ದವು. ಅವುಗಳ ಮೇಲೆ ಕಪ್ಪು ಕಪ್ಪು ಜರಿಹುಳಗಳಂಥ ಚಿಪ್‌ಗಳು. ನಡುನಡುವೆ ಹೊಸ ಬೂಟಿನ ಡಬ್ಬಿಯಲ್ಲಿ ಬರುತ್ತವಲ್ಲ, ತೇವ ಹೀರುವ ಸಣ್ಣ ಪೊಟ್ಟಣಗಳು, ಅವುಗಳ ರಾಶಿ.

"ಮೌಶಿ, ನಿನ್ನ ಸೀರಿ ಎಲ್ಲಿ?" ಅಂದೆ.

"ಮಂಚದ ಕೆಳಗ ಟ್ರಂಕಿನ್ಯಾಗ."

"ಅಲ್ಲಿ ಹುಳ ಬೀಳಂಗಿಲ್ಲೇನು?"

"ಬಿದ್ರ ಬೀಳವಲ್ಲದ್ಯಾಕ. ಇನ್ನೊಂದು ಸೀರಿ ಸಿಗತೈತಿ. ಈ ಕಾರ್ಡಿಗೆ ತೇವ ಹತ್ತಿದ್ರ ಇನ್ನೊಂದು ಕಾರ್ಡ್ ಭೂಮಿ ಮ್ಯಾಲ ಸಿಗಂಗಿಲ್ಲ."

ಕಾಕಾ ಪೇಪರಿನ ಹಿಂದಿನಿಂದ ಹೇಳಿದರು: "ನಮ್ಮ ಮದುವಿ ಸೀರಿನೂ ಆ ಟ್ರಂಕಿನ್ಯಾಗ ಐತವ್ವಾ. ನಾನೂ ಸ್ವಲ್ಪ ದಿನಕ್ಕ ಅಲ್ಲೇ ಹೋಗಾಂವ."

ಆ ಕಾರ್ಡುಗಳ ಕಥೆ ಇಷ್ಟು. ಊರಿನ ತುದಿಯ ಉಪ್ಪಲ್ ದಾಟಿದ ಮೇಲೆ ಒಂದು ದೊಡ್ಡ ಹಾಲಿನ ಡೇರಿ. ಮೌಶಿ ಅಲ್ಲಿ ಇಂಜಿನಿಯರ್. ಅಲ್ಲಿನ ಕಂಟ್ರೋಲ್ ರೂಮಿನಲ್ಲಿ ಆಳೆತ್ತರದ ಉಕ್ಕಿನ ಕಪಾಟುಗಳ ಒಂದು ಸಾಲಿದೆ. ಯಾವ ವಾಲ್ವ್ ಯಾವಾಗ ತೆರೆಯಬೇಕು, ಹಾಲು ಎಷ್ಟು ಕಾಯಬೇಕು, ಎಷ್ಟು ಆರಬೇಕು, ಹಾಲಿನ ಪುಡಿ ಮಾಡುವ ಯಂತ್ರಕ್ಕೆ ಬಿಸಿಗಾಳಿ ಎಷ್ಟು ಹೋಗಬೇಕು, ಎಲ್ಲವನ್ನೂ ಆ ಕಪಾಟಿನೊಳಗಿನ ಕಾರ್ಡುಗಳು ತೀರ್ಮಾನಿಸುತ್ತವೆ. ಅವನ್ನು ಹಾಕಿದ ಕಾಲದಲ್ಲಿ ಅದು ಭಾರೀ ದೊಡ್ಡ ಸುದ್ದಿಯಂತೆ. ಅನಂತರ ಅದನ್ನು ತಯಾರಿಸಿದ ಪರದೇಶದ ಕಂಪನಿ, ಈ ಮಾಡೆಲ್ ಬಂದ್ ಮಾಡಿದ್ದೇವೆ, ಇನ್ನು ಇದರ ಸ್ಪೇರ್ ಸಿಗುವುದಿಲ್ಲ ಅಂತ ಹೇಳಿ ಕೈತೊಳೆದುಕೊಂಡಿತು. ಹೊಸದು ಹಾಕಬೇಕಾದರೆ ಡೇರಿಯನ್ನೇ ನಿಲ್ಲಿಸಬೇಕು. ಬೆಳಗಾದರೆ ಊರಿನ ಅರ್ಧ ಮನೆಗಳ ಬಾಗಿಲಿಗೆ ಹಾಲಿನ ಪಾಕೀಟು ಬೀಳಬೇಕಾದ ಜಾಗ ಅದು. ನಿಲ್ಲಿಸಲಿಕ್ಕಾದೀತೇ? ಹಾಗಾಗಿ ಇದ್ದದ್ದನ್ನೇ ಕಾಪಾಡಿಕೊಂಡು ಹೋಗುವ ಕೆಲಸ ಮೌಶಿಯ ತಲೆಗೆ ಬಂತು. ಬಂದದ್ದು ಇಳಿಯಲೇ ಇಲ್ಲ.

ಆ ಕಾಲದ ಹೈದರಾಬಾದನ್ನು ನೀವು ನೋಡಬೇಕಿತ್ತು. ನಾರಾಯಣಗೂಡದ ಗೋಡೆಗಳಲ್ಲಿ ಸುಣ್ಣ ಕಾಣುತ್ತಿರಲಿಲ್ಲ, ಅಷ್ಟು ಕೋಚಿಂಗ್ ಸೆಂಟರಿನ ಪೋಸ್ಟರುಗಳು. ಮೆಕ್ಯಾನಿಕಲ್ ಓದಿದವರು, ಸಿವಿಲ್ ಓದಿದವರು, ಒಂದು ಸಲ ದನದ ಡಾಕ್ಟರಿಕೆ ಓದಿದವನೂ, ಎಲ್ಲರೂ ಮೂರು ತಿಂಗಳು ಅಲ್ಲಿ ಕೂತು ಎದ್ದು ಸಾಫ್ಟ್‌ವೇರಿನವರಾಗಿ ನನ್ನ ಮುಂದೆ ಇಂಟರ್‌ವ್ಯೂಗೆ ಬಂದು ಕೂಡುತ್ತಿದ್ದರು. ಮೌಶಿಯ ಕೈಕೆಳಗಿನ ಹುಡುಗರೂ ಒಬ್ಬೊಬ್ಬರಾಗಿ ಹೋದರು. ಹೋಗುವಾಗ ಮಿಠಾಯಿ ಡಬ್ಬಿ ತಂದು ಕಾಲಿಗೆ ಬೀಳುತ್ತಿದ್ದರು. ಮೌಶಿ ಆಶೀರ್ವಾದ ಮಾಡಿ, ಮಿಠಾಯಿ ತಿಂದು, ಮನೆಗೆ ಬಂದು ಹೇಳುತ್ತಿದ್ದಳು: "ಕಾರ್ಡಿಗಿಂತ ಮನಷ್ಯಾರು ಲಗೂ ಬಂದ್ ಆಗಾಕತ್ತಾರ." ಅವರಲ್ಲಿ ಇಬ್ಬರನ್ನು ಆರಿಸಿ ತೆಗೆದುಕೊಂಡದ್ದು ನಮ್ಮ ಕಂಪನಿಯೇ. ಅದನ್ನು ಆಕೆಗೆ ಹೇಳಿದಾಗ ಒಂದು ವಾರ ನನಗೆ ಚಹಾದಲ್ಲಿ ಸಕ್ಕರೆ ಬೀಳಲಿಲ್ಲ.

ಸ್ಪೇರ್ ಕೂಡಿಡುವುದು ಅರ್ಧ ಕೆಲಸವಾದರೆ ಇನ್ನರ್ಧ ಕೆಲಸ ಕಾವಲು. ಕಂಟ್ರೋಲ್ ರೂಮಿನಲ್ಲಿ ಆ ಕಪಾಟುಗಳ ಜೊತೆ ಮಾತಾಡುವ ಒಂದು ಹಳೇ ಕಂಪ್ಯೂಟರ್ ಇತ್ತು. ಅದೆಷ್ಟು ಹಳೆಯದೆಂದರೆ, ಅದಕ್ಕೆ ಯಾವ ವೈರಸ್ಸು ಬಂದರೂ ತಡೆಯುವ ಶಕ್ತಿಯಿಲ್ಲ. ಮುಪ್ಪಾದವರಿಗೆ ಗಾಳಿ ಸೋಕಿದರೂ ನೆಗಡಿಯಾಗುತ್ತದಲ್ಲ, ಹಾಗೆ. ಮೌಶಿಯ ಔಷಧ ಒಂದೇ, ಗಾಳಿ ಸೋಕಿಸಬಾರದು. ಇಂಟರ್ನೆಟ್ಟಿನ ವೈರು ಆ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಪೆನ್‌ಡ್ರೈವ್ ಒಳಗೆ ತರುವಂತಿಲ್ಲ. ಒಬ್ಬ ಆಪರೇಟರ್ ತನ್ನ ಮೊಬೈಲನ್ನು ಚಾರ್ಜಿಗೆಂದು ಆ ಕಂಪ್ಯೂಟರಿಗೆ ಚುಚ್ಚಿದ್ದನ್ನು ನೋಡಿದ ದಿನ, ಮೌಶಿ ಪ್ಲಂಬರ್‌ಗಳು ಸೋರುವ ಪೈಪಿಗೆ ಮೆತ್ತುವ ಗಟ್ಟಿ ಅಂಟನ್ನು ತಂದು, ಚಪಾತಿ ಹಿಟ್ಟಿನಂತೆ ನಾದಿ, ಆ ಕಂಪ್ಯೂಟರಿನ ಪೆನ್‌ಡ್ರೈವ್ ಚುಚ್ಚುವ ತೂತುಗಳಿಗೆಲ್ಲ ಮೆತ್ತಿಬಿಟ್ಟಳು.

ಆ ಕಾವಲು ಮನೆಗೂ ಬಂತು. ನನ್ನ ಗೆಳತಿಯರು ಬಂದರೆ ಬೇರೆ ಮೌಶಿಯರು "ಊಟ ಆತೇನವಾ?" ಅಂತ ಕೇಳುತ್ತಾರೆ. ನಮ್ಮ ಮೌಶಿ "ಬ್ಯಾಗಿನ್ಯಾಗ ಪೆನ್‌ಡ್ರೈವ್ ಐತೇನವಾ?" ಅಂತ ಕೇಳುತ್ತಿದ್ದಳು. ಇದೆ ಅಂದವರು ಅದನ್ನು ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟಂತೆ ಬಿಟ್ಟು ಒಳಗೆ ಬರಬೇಕಿತ್ತು. ನಮ್ಮ ಮನೆಯಲ್ಲಿ ಆಗ ಕಂಪ್ಯೂಟರೇ ಇರಲಿಲ್ಲ ಅನ್ನುವುದು ಬೇರೆ ಮಾತು.

ಇನ್ನು ಆ ಕಂಪ್ಯೂಟರಿನ ಪ್ರೋಗ್ರಾಮಿನ ನಕಲು. ಫ್ಲಾಪಿಗಳ ಒಂದು ಜೊತೆ ಡೇರಿಯಲ್ಲಿ, ಒಂದು ಜೊತೆ ನಾರಾಯಣಗೂಡದಲ್ಲಿ. ಮೂರನೇ ಜೊತೆ ರಾಯಚೂರಿನಲ್ಲಿ ನಮ್ಮ ಅವ್ವನ ಹತ್ತಿರ. "ಬೆಂಕಿ ಬಿದ್ರ ಎರಡೂ ಊರಿಗೆ ಒಮ್ಮೆಲೆ ಬೀಳಂಗಿಲ್ಲಲ್ಲ" ಅನ್ನುವುದು ಮೌಶಿಯ ಲೆಕ್ಕ. ಅವ್ವನಿಗೆ ಅದೇನು ಅಂತ ಗೊತ್ತಿಲ್ಲ. ತಂಗಿ ಜೋಪಾನವಾಗಿಡು ಅಂದಿದ್ದಾಳೆ, ಮನೆಯಲ್ಲಿ ಎಲ್ಲಕ್ಕಿಂತ ಜೋಪಾನದ ಜಾಗ ದೇವರ ಜಗಲಿ. ಅಲ್ಲಿಟ್ಟಳು. ದೇವರ ಜಗಲಿಯ ಮೇಲಿದ್ದ ಮೇಲೆ ಪೂಜೆ ತಪ್ಪುತ್ತದೆಯೇ? ಒಂದು ದಸರೆಯಲ್ಲಿ ಮೌಶಿ ಹೋಗಿ ನೋಡಿದರೆ ಫ್ಲಾಪಿಯ ಮೈತುಂಬ ಅರಿಷಿಣ ಕುಂಕುಮ.

"ಅಕ್ಕಾ, ಇದಕ್ಕ ನೀರು ಸಿಂಪಡಸೀಯೇನು?" ಅಂದಳು ಮೌಶಿ.

"ನೀರಿಲ್ಲದ ಪೂಜಿ ಹೆಂಗ ಆಕ್ಕೈತಿ?"

ಮೌಶಿ ಅಲ್ಲೇ ನೆಲದ ಮೇಲೆ ಕೂತಳು. ಅವ್ವ ಪ್ರಸಾದ ಕೊಟ್ಟಳು.

ಈ ಹೊತ್ತಿಗೆ ಡೇರಿಗೆ ಒಬ್ಬ ಹೊಸ ಮ್ಯಾನೇಜರ್ ಬಂದರು. ತರುಣರು, ತೆಲುಗಿನವರು, ಮ್ಯಾನೇಜ್‌ಮೆಂಟ್ ಓದಿದವರು. ಮೌಶಿಯ ಜೊತೆ ಅವರು ಮಾತಾಡುತ್ತಿದ್ದದ್ದು ತೆಲುಗಿನಲ್ಲಿ. ಮನೆಗೆ ಬಂದು ನಮಗೆ ಹೇಳುವಾಗ ಮೌಶಿ ಅದನ್ನು ರಾಯಚೂರಿನ ಕನ್ನಡ ಮಾಡುತ್ತಿದ್ದಳು. ಬಂದವರು ಮೊದಲು ಸ್ವಚ್ಛತೆಗೆ ಕೈಹಾಕಿದರು. ಸ್ಟೋರಿನಲ್ಲಿ ಎರಡು ವರ್ಷದಿಂದ ಯಾರೂ ಮುಟ್ಟದ ಸಾಮಾನೆಲ್ಲ ಗುಜರಿಗೆ ಹೋಗಲಿ ಅಂದರು. ಮೌಶಿ ಅಕ್ಕನ ಮನೆಯ ಸತ್ಯನಾರಾಯಣ ಪೂಜೆಗೆಂದು ರಾಯಚೂರಿಗೆ ಹೋಗಿದ್ದಳು. ವಾಪಸ್ ಬಂದು ಸ್ಟೋರಿನ ಬಾಗಿಲು ತೆರೆದರೆ ಗೋಡೆ ಕಾಣುತ್ತಿತ್ತು. ಮನೆಗೆ ತರದೆ ಡೇರಿಯಲ್ಲೇ ಇಟ್ಟಿದ್ದ ಸ್ಪೇರ್ ಕಾರ್ಡುಗಳ ಪೆಟ್ಟಿಗೆಗಳು ಹಿಂದಿನ ದಿನವೇ ಟೆಂಪೋ ಹತ್ತಿದ್ದವು. ಎರಡು ವರ್ಷದಿಂದ ಯಾರೂ ಮುಟ್ಟಿರಲಿಲ್ಲ, ನಿಜ. ಯಾಕೆಂದರೆ ಎರಡು ವರ್ಷದಿಂದ ಯಾವ ಕಾರ್ಡೂ ಕೆಟ್ಟಿರಲಿಲ್ಲ.

ನನಗೆ ಆಫೀಸಿಗೆ ಫೋನ್ ಬಂತು. "ಲಗೂ ರಾಣಿಗಂಜಿಗೆ ಬಾ. ಎರಡು ಕೈ ಸಾಲಂಗಿಲ್ಲ." ಯಾರಿಗೋ ಅಪಘಾತವಾಗಿದೆ ಅಂದುಕೊಂಡು ಓಡಿದೆ. ಅಲ್ಲಿ ಮೌಶಿ ಗುಜರಿ ಅಂಗಡಿಯ ಹೊಸ್ತಿಲಿನಲ್ಲಿ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತಿದ್ದಳು. ಎದುರಿಗೆ ಬಿಳಿಗಡ್ಡದ ಅಂಗಡಿಯ ಸಾಹೇಬರು. ಅವರ ಕೈಯಲ್ಲಿ ಇಕ್ಕಳ. ಕಾರ್ಡುಗಳ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಹಳದಿ ಪಟ್ಟಿಗಳಿರುತ್ತವಲ್ಲ, ಅವುಗಳ ಮೇಲೆ ತೆಳ್ಳಗೆ ಬಂಗಾರದ ಲೇಪವಿರುತ್ತದಂತೆ. ಅದನ್ನು ಕತ್ತರಿಸಿ ತೆಗೆಯುವುದು ಅವರ ದಂಧೆ. ಕೆಲವು ಕಾರ್ಡುಗಳ ಹಲ್ಲು ಆಗಲೇ ಉದುರಿದ್ದವು.

"ಸಾಹೇಬ್, ಇವು ನನ್ನವು" ಅಂದಳು ಮೌಶಿ, ಹಿಂದಿಯಲ್ಲಿ.

"ಮೇಡಂ, ಎಲ್ಲ ಕಾರ್ಡೂ ಒಂದೇ ಥರ ಕಾಣತಾವ. ನಿಮ್ಮದು ಅಂತ ಹೆಂಗ ಹೇಳತೀರಿ?" ಅನ್ನುವ ಅರ್ಥದಲ್ಲಿ ಅವರು ಕೇಳಿದರು.

ಮೌಶಿ ಒಂದು ಕಾರ್ಡನ್ನು ತಿರುಗಿಸಿ ತೋರಿಸಿದಳು. ಮೂಲೆಯಲ್ಲಿ ಕೆಂಪು ನೇಲ್ ಪಾಲಿಶಿನ ಒಂದು ಬೊಟ್ಟು. ಪರೀಕ್ಷೆ ಮಾಡಿ ಸರಿಯಿದೆ ಅಂತ ಖಾತ್ರಿಯಾದ ಕಾರ್ಡಿಗೆ ಆಕೆ ಹಾಗೆ ಬೊಟ್ಟಿಡುತ್ತಿದ್ದಳು. ಜೀವಮಾನದಲ್ಲಿ ಉಗುರಿಗೆ ಹಚ್ಚಿದವಳಲ್ಲ. ಸಾಹೇಬರು ಬೊಟ್ಟು ನೋಡಿದರು, ಮೌಶಿಯ ಮುಖ ನೋಡಿದರು, ಇಕ್ಕಳ ಕೆಳಗಿಟ್ಟರು. "ಬೇಟಿಯಾಂ ಹೈ ಕ್ಯಾ ಆಪ್ ಕೀ?" ಅಂದರು. ನಿಮ್ಮ ಹೆಣ್ಣುಮಕ್ಕಳೇನು ಇವು, ಅಂತ. ಮೌಶಿ ಹೌದು ಅಂದಳು. ತೂಕದ ದರಕ್ಕೇ ಕೊಟ್ಟರು, ಆಟೋದವರೆಗೂ ಎತ್ತಿಕೊಂಡು ಬಂದರು. ಅವತ್ತಿನಿಂದ ಆ ಒಳ್ಳೆಯ ಕಾರ್ಡುಗಳೂ ಸ್ಟೋರು ಬಿಟ್ಟು ನಮ್ಮ ಮನೆಯ ಅಲಮಾರಿಗೇ ಸೇರಿದವು. ಮ್ಯಾನೇಜರೂ ಬೇಡ ಅನ್ನಲಿಲ್ಲ. ಅವರು ಮೌಶಿಯ ಹತ್ತಿರ ಕ್ಷಮೆ ಕೇಳಿದರಂತೆ. "ಪಾಪ, ಚಲೋ ಹುಡುಗ. ಸ್ವಚ್ಛ ಮಾಡೂ ಹುಚ್ಚು ಒಂದ ಐತಿ" ಅಂದಳು ಮೌಶಿ.

ಈಗ ನನ್ನ ಮದುವೆಯ ಕಥೆ. ಅದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಅದೂ ಒಂದು ಸ್ಪೇರಿನ ಕಥೆಯೇ. ಅವ್ವ ರಾಯಚೂರಿನಿಂದ ಒಂದು ಸಂಬಂಧ ಹುಡುಕಿ ಕಳಿಸಿದಳು. ಹುಡುಗ ಗುಲ್ಬರ್ಗದ ಕಡೆಯವನು, ಹೈಟೆಕ್ ಸಿಟಿ ಕಡೆಯ ಮಣಿಕೊಂಡದಲ್ಲಿ ಬಾಡಿಗೆ ಮನೆ, ಸಾಫ್ಟ್‌ವೇರ್ ನೌಕರಿ. ಒಂದು ಭಾನುವಾರ ನನ್ನನ್ನು ನೋಡಲಿಕ್ಕೆ ಬಂದ. ನಾನು ಅವಲಕ್ಕಿ ತಟ್ಟೆ ಹಿಡಿದು ಬಂದೆ. ಮೌಶಿ ಸುಮ್ಮನೆ ಕೂತಿದ್ದಳು. ಇಂಥ ವಿಷಯದಲ್ಲಿ ಆಕೆಗೆ ಕೇಳಲಿಕ್ಕೆ ಏನೂ ತೋಚುವುದಿಲ್ಲ. ಕಾಕಾ ಕೇಳಿದರು, "ಇದರಕಿಂತ ಮೊದಲು ಎಲ್ಲಿ ಕೆಲಸ ಮಾಡತಿದ್ರಿ?"

"ಒಂದು ಕಾಗದದ ಕಾರ್ಖಾನ್ಯಾಗಿದ್ದೆರಿ. ಅದು ಮುಚ್ಚಿತು. ಅದಕ್ಕ ಕೋಚಿಂಗ್ ಮಾಡಿ ಈ ಕಡೆ ಬಂದೆ."

ಮೌಶಿ ಮೈ ನೆಟ್ಟಗೆ ಮಾಡಿದಳು. "ಅಲ್ಲಿ ಕಂಟ್ರೋಲ್ ಸಿಸ್ಟಮ್ ಯಾವುದಿತ್ತು?"

ಹುಡುಗ ಹೇಳಿದ. ಮೌಶಿ ಚಹಾ ಬಸಿ ಕೆಳಗಿಟ್ಟಳು. ಅದೇ ಕಂಪನಿ, ಅದೇ ಬಂದಾದ ಮಾಡೆಲ್.

"ಈಗ ಅದು ಎಲ್ಲೈತಿ?"

"ಅಲ್ಲೇ ಐತಿರಿ. ಬಾಗಿಲ ಹಾಕಿದ ಕಾರ್ಖಾನ್ಯಾಗ."

"ಛಾವಣಿ ಸೋರತೈತೇನು?"

ಆಮೇಲೆ ಒಂದು ತಾಸು ಅವರಿಬ್ಬರೂ ಮಾತಾಡಿದರು. ನನ್ನ ಓದು, ನನ್ನ ಅಡಿಗೆ, ನನ್ನ ಹಾಡು, ಯಾವುದನ್ನೂ ಯಾರೂ ಕೇಳಲಿಲ್ಲ. ಹುಡುಗ ಹೋಗುವಾಗ ಬಾಗಿಲಿನ ಹತ್ತಿರ ನನ್ನ ಮುಖ ನೋಡಿ, "ನಿಮ್ಮ ಜೋಡಿ ಮಾತಾಡಾಕ ಆಗಲೇ ಇಲ್ಲರಿ" ಅಂದ. "ಇನ್ನೊಮ್ಮೆ ಬರ್ರಿ, ಮೌಶಿ ಇಲ್ಲದಾಗ" ಅಂದೆ. ಆದರೆ ಎರಡನೇ ಸಲ ನಾವು ಭೇಟಿಯಾದದ್ದು ಆ ಮುಚ್ಚಿದ ಕಾರ್ಖಾನೆಯಲ್ಲೇ. ಮಾಲೀಕರು ಮಾರಲಿಕ್ಕೆ ಸಿದ್ಧರಿದ್ದರು, ಡೇರಿಯಿಂದ ಮೌಶಿ ಒಪ್ಪಿಗೆ ಪಡೆದಿದ್ದಳು. ಒಂದು ಜೀಪಿನಲ್ಲಿ ಮೌಶಿ, ಕಾಕಾ, ಹುಡುಗ, ನಾನು. ಜೊತೆಗೆ ಕಾಕಾನ ಚುರುಮುರಿ ಡಬ್ಬಿ.

ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಪಾರಿವಾಳಗಳ ರಾಜ್ಯ. ಕರೆಂಟಿಲ್ಲ. ನಾನು ಟಾರ್ಚು ಹಿಡಿದೆ. ಕಾಕಾ ಪಾರಿವಾಳಗಳಿಗೆ ಚುರುಮುರಿ ಹಾಕಿದರು. ಹುಡುಗ ಕಪಾಟಿನ ಬಾಗಿಲು ತೆರೆದು, ಕಾರ್ಡಿಗೆ ಕೈಹಾಕುವ ಮೊದಲು, ಪಕ್ಕದ ಕಬ್ಬಿಣದ ಚೌಕಟ್ಟನ್ನು ಅಂಗೈಯಿಂದ ಒಮ್ಮೆ ಮುಟ್ಟಿದ. ನಮ್ಮ ಮೈಯಲ್ಲಿ ಸಣ್ಣ ಪ್ರಮಾಣದ ಕರೆಂಟು ಕೂತಿರುತ್ತದಂತೆ. ಹಾಗೇ ಕಾರ್ಡು ಮುಟ್ಟಿದರೆ ಅದು ಸತ್ತುಹೋಗಬಹುದಂತೆ. ಕಬ್ಬಿಣ ಮುಟ್ಟಿದರೆ ಆ ಕರೆಂಟು ಇಳಿದುಹೋಗುತ್ತದಂತೆ. ನನಗೆ ಅದೆಲ್ಲ ಗೊತ್ತಿರಲಿಲ್ಲ. ಅವನು ಒಂದೊಂದೇ ಕಾರ್ಡು ಎಳೆದು, ಪಾರಿವಾಳದ ಪುಕ್ಕ ಊದಿ, ಬಣ್ಣದ ಬ್ರಶ್ಶಿನಿಂದ ಧೂಳು ಒರೆಸಿ, ಎರಡೂ ಕೈಯಲ್ಲಿ ಮೌಶಿಗೆ ಕೊಡುತ್ತಿದ್ದ. ಆ ಕೈಗಳನ್ನು ನೋಡುತ್ತಾ ಟಾರ್ಚನ್ನು ಬೇರೆ ಕಡೆ ತಿರುಗಿಸಿ ಮೌಶಿಯಿಂದ ಬೈಸಿಕೊಂಡೆ.

ಮನೆಗೆ ಬಂದ ಕೂಡಲೇ ಅವ್ವನ ಫೋನು. "ಹುಡುಗ ಹೆಂಗದಾನ?"

ಮೌಶಿ ಹೇಳಿದಳು: "ಕಾರ್ಡು ಮುಟ್ಟೂ ಮೊದಲು ಕಬ್ಬಿಣ ಮುಟ್ಟಿದ ಅಕ್ಕಾ. ಭಾಳ ಸಂಸ್ಕಾರ ಐತಿ."

ಅವ್ವನಿಗೆ ಕೊನೆಯ ಮಾತಷ್ಟೇ ತಿಳಿಯಿತು. ಅಷ್ಟೇ ಸಾಕಾಯಿತು. ಮದುವೆಯಾಗಿ ನಾನು ಮಣಿಕೊಂಡಕ್ಕೆ ಹೋದೆ. ಮೌಶಿಯ ಅಲಮಾರಿಯ ಎರಡನೇ ಖಾನೆಯೂ ತುಂಬಿತು.

ಮೌಶಿಯ ಮ್ಯಾನೇಜರೂ ಮಣಿಕೊಂಡದಲ್ಲೇ ಮನೆ ಮಾಡಿದ್ದರು. ಊರಿನ ಈ ತುದಿಯಿಂದ ಆ ತುದಿಗೆ ದಿನಾ ಹೋಗಿ ಬರುವವರು, ಚಿಕ್ಕ ಮಗು ಬೇರೆ ಇತ್ತು. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಹಾಲಿನ ಟ್ಯಾಂಕು ಎಷ್ಟು ತುಂಬಿದೆ ಅಂತ ನೋಡುವಂತಾದರೆ ಎಷ್ಟು ಒಳ್ಳೆಯದು ಅನ್ನಿಸಿತು ಅವರಿಗೆ. ಯಾರಿಗೆ ಅನ್ನಿಸುವುದಿಲ್ಲ? ಒಂದು ವೈರು ಎಳೆದು ಕಂಟ್ರೋಲ್ ರೂಮನ್ನು ಆಫೀಸಿನ ಕಂಪ್ಯೂಟರುಗಳಿಗೆ ಜೋಡಿಸಿದರೆ ಮುಗಿಯಿತು ಅಂದರು.

ಮೌಶಿ ಆಗುವುದಿಲ್ಲ ಅಂದಳು. ಅವರು ಮತ್ತೆ ಕೇಳಿದರು. ಮೌಶಿ ಮತ್ತೆ ಆಗುವುದಿಲ್ಲ ಅಂದಳು. ಹಾಗೆ ಒಂದು ಮಳೆಗಾಲ ಕಳೆಯಿತು. ಕೊನೆಗೆ ಅವರು ಮೇಲಿನವರಿಂದ ಮಂಜೂರಿ ತಂದರು. ವೈರು ಎಳೆಯುವ ಜನ ಬರುವ ದಿನ ಮೌಶಿ ಕಂಟ್ರೋಲ್ ರೂಮಿನ ಹೊಸ್ತಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಳು. ಊಟದ ಡಬ್ಬಿಯನ್ನೂ ಅಲ್ಲೇ ತೆರೆದಳು. ಬಂದ ಜನ ಆಕೆಯನ್ನು ದಾಟಿ ಹೋಗಲಿಕ್ಕೆ ಧೈರ್ಯ ಸಾಲದೆ, ಆಕೆ ಕೊಟ್ಟ ಶೇಂಗಾ ಹೋಳಿಗೆ ತಿಂದು ವಾಪಸ್ ಹೋದರು. ಇದು ನಡೆದದ್ದು ಹೀಗೇ ಅಂತ ಮೌಶಿ ಹೇಳುತ್ತಾಳೆ. ಹೋಳಿಗೆ ಕೊಟ್ಟದ್ದು ಹೆಚ್ಚೋ ಕುರ್ಚಿ ಹಾಕಿದ್ದು ಹೆಚ್ಚೋ ನನಗೆ ಗೊತ್ತಿಲ್ಲ.

ಈ ಜಗಳ ಮುಗಿಯುವ ಮೊದಲೇ ಆಫೀಸಿನ ಕಂಪ್ಯೂಟರುಗಳಿಗೆ ವೈರಸ್ ಬಂತು. ಬಿಲ್ಲು ಮಾಡುವವನೊಬ್ಬ ಸಿನಿಮಾ ಹಾಡಿನ ಪೆನ್‌ಡ್ರೈವ್ ಹಾಕಿದ್ದನಂತೆ. ಒಂದಾದ ಮೇಲೊಂದು ಕಂಪ್ಯೂಟರು ತಾನಾಗಿಯೇ ಬಂದಾಗುವುದು, ತಾನಾಗಿಯೇ ಶುರುವಾಗುವುದು, ಮತ್ತೆ ಬಂದಾಗುವುದು. ಆದರೆ ಕಂಟ್ರೋಲ್ ರೂಮಿಗೆ ವೈರು ಹೋಗಿರಲಿಲ್ಲವಲ್ಲ, ಅಲ್ಲಿ ಹಾಲು ಕಾಯುತ್ತಿತ್ತು, ಆರುತ್ತಿತ್ತು, ಪಾಕೀಟಾಗುತ್ತಿತ್ತು.

ಮೌಶಿ ಗೆದ್ದಳು ಅನ್ನುತ್ತೀರಾ? ಆಕೆಯೂ ಒಂದು ಗಳಿಗೆ ಹಾಗೇ ಅಂದುಕೊಂಡಳಂತೆ. ಆದರೆ ಹಾಲು ತಯಾರಾದರೆ ಸಾಲದು, ಯಾವ ವ್ಯಾನು ಯಾವ ಬಡಾವಣೆಗೆ ಎಷ್ಟು ಟ್ರೇ ಒಯ್ಯಬೇಕು ಅನ್ನುವ ಚೀಟಿ ಬರಬೇಕಾದದ್ದು ಆ ಕೆಟ್ಟ ಕಂಪ್ಯೂಟರುಗಳಿಂದಲೇ. ಅಂಗಳದಲ್ಲಿ ವ್ಯಾನುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು, ಒಳಗೆ ಹಾಲಿನ ಟ್ರೇಗಳು ಗುಡ್ಡವಾಗುತ್ತಿದ್ದವು. ಮೌಶಿಯ ಕಪಾಟುಗಳಿಗೆ ವ್ಯಾನಿನ ದಾರಿ ಗೊತ್ತಿಲ್ಲ. ಆಗ ಮ್ಯಾನೇಜರ್ ಒಂದು ಮೇಜು ಅಂಗಳಕ್ಕೆ ತರಿಸಿ, ಡ್ರೈವರುಗಳನ್ನು ಒಬ್ಬೊಬ್ಬರಾಗಿ ಕರೆದು, ಅವರ ಬಾಯಿಂದಲೇ ಅಂಗಡಿಗಳ ಹೆಸರು ಕೇಳಿ ಚೀಟಿ ಬರೆಸತೊಡಗಿದರು. ಮೌಶಿ ಹೋಗಿ ಪಕ್ಕದಲ್ಲಿ ಕೂತು ಬರೆದಳು. ಇಬ್ಬರೂ ಮಧ್ಯಾಹ್ನದವರೆಗೆ ಬರೆದರು. ಹಾಲು ತಡವಾಗಿ ಹೋಯಿತು, ಆದರೆ ಹೋಯಿತು.

ಕೊನೆಯ ವ್ಯಾನು ಹೋದ ಮೇಲೆ ಅವರು ಮೌಶಿಗೆ ಹೇಳಿದರಂತೆ: "ಮೇಡಂ, ವೈರಿನ ವಿಷಯದಾಗ ನೀವು ಹೇಳಿದ್ದು ಖರೆ. ಅದನ್ನ ನಾ ಇನ್ನ ಕೇಳಂಗಿಲ್ಲ. ಆದರ ಒಂದು ಕೇಳತೀನಿ. ನೀವು ರಿಟೈರ್ ಆದ ಮರುದಿನ ಆ ಕಪಾಟು ನಿಂತರ, ನಾ ಯಾರ ಮನೀ ಬಾಗಿಲಿಗೆ ಹೋಗಬೇಕು?"

ಮೌಶಿ ಅವತ್ತು ಸಂಜೆ ನಮ್ಮ ಮಣಿಕೊಂಡದ ಮನೆಗೆ ಬಂದಳು. ಯಾವತ್ತೂ ಹಾಗೆ ಕೆಲಸ ಮುಗಿಸಿ ಬಂದವಳಲ್ಲ. ಬಾಲ್ಕನಿಯಲ್ಲಿ ಕೂತಳು. ಎದುರಿಗೆ ಹೊಸ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ನಮ್ಮ ಯಾದಗಿರಿ ಕಡೆಯ ಕೂಲಿಯವರು ಕನ್ನಡದಲ್ಲಿ ಕೂಗಾಡುತ್ತಾ ಕಬ್ಬಿಣ ಎತ್ತುತ್ತಿದ್ದರು.

"ಆ ಹುಡುಗ ಬರೋಬರಿ ಕೇಳಿದ" ಅಂದಳು. "ಕಾರ್ಡೆಲ್ಲಾ ಕೂಡಿಟ್ಟೆ. ನನ್ನ ತಲ್ಯಾಗಿದ್ದದ್ದು ಯಾರಿಗೂ ಕೊಡಲಿಲ್ಲ ನೋಡು. ಕಲಿಯಾಕ ಬಂದ ಹುಡುಗರೂ ಉಳೀಲಿಲ್ಲ."

ನನ್ನ ಗಂಡ ಚಹಾ ತಂದಿಟ್ಟು, "ಮೌಶಿ, ಹಂಗಾದ್ರ ಹೊಸದು ಹಾಕೂದ ಚಲೋ. ನೀವು ಇರೂತನಕ, ನಿಮ್ಮ ಕೈಲೇ" ಅಂದ. ಮೌಶಿ ಚಹಾ ಕುಡಿದು ಮುಗಿಸಿದಳು. ಆಮೇಲೆ, "ಒಮ್ಮೆಲೆ ನಿಲ್ಲಸಬಾರದು. ಒಂದೊಂದ ಕಪಾಟು ಬದಲಾಸಬೇಕು. ಮೊದಲು ಹಾಲಿನ ಪುಡೀದು" ಅಂದಳು. ಅಂದರೆ ಆಕೆ ಅದನ್ನು ಮನಸ್ಸಿನಲ್ಲಿ ಎಂದೋ ಲೆಕ್ಕ ಹಾಕಿ ಇಟ್ಟಿದ್ದಳು. ಹೇಳಲಿಕ್ಕೆ ಮನಸ್ಸಾಗಿರಲಿಲ್ಲ, ಅಷ್ಟೇ.

ಆಕೆಯ ಸರ್ವಿಸಿನ ಉಳಿದ ಕಾಲವೆಲ್ಲ ಅದಕ್ಕೇ ಹೋಯಿತು. ಹೊಸ ಕಂಪನಿಯ ಹುಡುಗರು ಬಂದರು. ಅವರನ್ನು ಮೌಶಿ ಗೋಳಾಡಿಸಿದ್ದು ಅಷ್ಟಿಷ್ಟಲ್ಲ. ಸ್ಪೇರ್ ಎಷ್ಟು ವರ್ಷ ಕೊಡುತ್ತೀರಿ, ಹೊರಗಿನವರು ಒಳಗೆ ಬರದಂತೆ ಏನು ಮಾಡಿದ್ದೀರಿ, ನೀವು ಕೆಲಸ ಬಿಟ್ಟರೆ ನಿಮ್ಮ ಜಾಗಕ್ಕೆ ಯಾರು, ನಿಮಗೆ ಮದುವೆಯಾಗಿದೆಯೇ, ಅಮೆರಿಕಕ್ಕೆ ಹೋಗುವ ವಿಚಾರವಿದೆಯೇ. ಒಬ್ಬ ಹುಡುಗ ಹೆದರಿ, ಹೋಗುವುದಿಲ್ಲ ಅಂತ ದೇವರಾಣೆ ಮಾಡಿದನಂತೆ. ಮ್ಯಾನೇಜರಿಗೂ ಒಂದು ಪರದೆ ಸಿಕ್ಕಿತು. ಟ್ಯಾಂಕಿನ ಮಟ್ಟ ಮನೆಯಿಂದಲೇ ನೋಡಬಹುದು, ಆದರೆ ನೋಡಬಹುದು ಮಾತ್ರ, ಮುಟ್ಟುವಂತಿಲ್ಲ. ಮಾಹಿತಿ ಹೊರಗೆ ಬರುತ್ತದೆ, ಒಳಗೆ ಏನೂ ಹೋಗುವುದಿಲ್ಲ, ಹಾಗೊಂದು ಏರ್ಪಾಡು. "ಅತ್ತಿ ಮನ್ಯಾಗ ಸೊಸಿ ಇದ್ದಂಗ" ಅಂದರು ಕಾಕಾ. "ನೋಡಬೇಕು, ಮುಟ್ಟಬಾರದು."

ಕೊನೆಯ ಕಪಾಟನ್ನು ಬಂದ್ ಮಾಡಿದ ದಿನ ನಮ್ಮನ್ನೂ ಕರೆದಿದ್ದಳು. ನಾವೆಲ್ಲ ಆಕೆ ಅಳುತ್ತಾಳೆ ಅಂದುಕೊಂಡು ಕರವಸ್ತ್ರ ತೆಗೆದುಕೊಂಡು ಹೋಗಿದ್ದೆವು. ಮೌಶಿ ಸ್ವಿಚ್ಚು ಕೆಳಗೆ ಮಾಡಿದಳು. ಒಳಗಿನ ಫ್ಯಾನುಗಳ ಸದ್ದು ನಿಧಾನವಾಗಿ ನಿಂತಿತು. "ಹಂ. ಚಲೋ ದುಡೀತು" ಅಂದಳು. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಕಾರ್ಡು ಬಿಚ್ಚತೊಡಗಿದಳು. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇದೇ ಮಾಡೆಲ್ ಇನ್ನೂ ಓಡುತ್ತಿದೆಯಂತೆ, ಅವರಿಗೆ ಬೇಕಂತೆ. ಅಳುವುದಕ್ಕೆ ಪುರಸೊತ್ತೇ ಇರಲಿಲ್ಲ.

ರಿಟೈರಾದ ಮೇಲೆ ಮೌಶಿ ಏನು ಮಾಡುತ್ತಾಳೆ ಅಂತ ನಮಗೆಲ್ಲ ಚಿಂತೆ. ಸೀರೆಗಳು ಅಲಮಾರಿಗೆ ಬಂದವು. ಮನೆಯ ಮಿಕ್ಸಿ, ನೀರಿನ ಮೋಟಾರು, ಕೆಳಗಿನ ಮನೆಯವರ ವಾಷಿಂಗ್ ಮಶೀನು ಎಲ್ಲವನ್ನೂ ಬಿಚ್ಚಿ ಕೂಡಿಸಿ ಮುಗಿಸಿದಳು. ಅಷ್ಟರಲ್ಲಿ ಒಂದು ದಿನ ಕಾಕಾ ಕಿರಾಣಿ ಅಂಗಡಿಯ ಮುಂದೆ ಕಣ್ಣು ಕತ್ತಲೆ ಬಂದು ಕುಸಿದು ಕೂತರು. ಆಸ್ಪತ್ರೆಗೆ ಒಯ್ದರೆ, ಎದೆಬಡಿತ ಬಹಳ ನಿಧಾನವಾಗಿದೆ, ಪೇಸ್‌ಮೇಕರ್ ಹಾಕಬೇಕು ಅಂದರು.

ಹಾಕುವ ಮೊದಲು ಡಾಕ್ಟರು ಕಾಕಾನನ್ನು ಹೊರಗೆ ಕೂರಿಸಿ ನಮ್ಮನ್ನು ಕೋಣೆಗೆ ಕರೆದರು. ತರುಣಿ. ನಾವು ನಮ್ಮ ನಮ್ಮಲ್ಲೇ ಮಾತಾಡುವುದು ಕೇಳಿ, "ನಾನೂ ಬೀದರ್ ಕಡೆಯಾಕಿನರಿ. ಕನ್ನಡದಾಗ ಮಾತಾಡ್ರಿ" ಅಂದರು. ಮೇಜಿನ ಮೇಲೆ ತೋರಿಸಲಿಕ್ಕೆ ಇಟ್ಟ ಒಂದು ಪೇಸ್‌ಮೇಕರ್ ಇತ್ತು, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಎಡಗಡೆ ಭುಜದ ಕೆಳಗೆ ಚರ್ಮದೊಳಗೆ ಇಡುತ್ತೇವೆ ಅಂದರು. ಮೌಶಿ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ನನ್ನ ಗಂಡ ನನ್ನ ಕಡೆ ನೋಡಿದ. ಇನ್ನೇನು ಬರುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.

ಬಂತು. ಬ್ಯಾಟರಿ ಎಷ್ಟು ವರ್ಷ? ಈ ಮಾಡೆಲ್ ಯಾವಾಗ ಬಂದದ್ದು? ಬಂದಾದರೆ ಮುಂದಿನದಕ್ಕೆ ಇದೇ ವೈರು ಹೊಂದುತ್ತದೆಯೇ? ಇದರ ಲೆಕ್ಕ ಓದುವ ಯಂತ್ರ ನಿಮ್ಮ ಹತ್ತಿರ ಮಾತ್ರ ಇದೆಯೋ, ಬೇರೆ ಯಾರಾದರೂ ಎದೆಯ ಹತ್ತಿರ ಹಿಡಿದು ಓದಬಹುದೋ? ಓದಿದವರು ಬದಲಾಯಿಸಲೂಬಹುದೋ? ನಾನು ನಾಚಿಕೆಯಿಂದ ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತಾ ನಿಂತೆ. ಡಾಕ್ಟರು ಮಾತ್ರ ನಗಲಿಲ್ಲ. ಒಂದೊಂದಕ್ಕೂ ಉತ್ತರ ಕೊ‌ಟ್ಟರು, ಗೊತ್ತಿಲ್ಲದ್ದನ್ನು ಕಂಪನಿಯವರಿಗೆ ಫೋನು ಮಾಡಿ ಕೇಳಿ ಹೇಳಿದರು.

"ಮತ್ತೇನರ ಕೇಳೂದೈತೇನ್ರಿ?" ಅಂದರು ಕೊನೆಗೆ.

ಮೌಶಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ.

"ಇವರು ಎಡಮಗ್ಗಲಾಗಿ ಮಲಗತಾರ್ರಿ" ಅಂದಳು. ದನಿ ಎಷ್ಟು ಸಣ್ಣದಿತ್ತೆಂದರೆ ಡಾಕ್ಟರು ಮುಂದೆ ಬಾಗಿದರು. "ಮದುವಿ ಆದಾಗಿಂದ ಹಂಗರಿ. ನನ್ನ ಕಡೆ ಮುಖ ಮಾಡಿ. ಇದನ್ನ ಹಾಕಿದ ಮ್ಯಾಲ ಹಂಗ ಮಲಗಬಹುದೇನ್ರಿ?"

ಡಾಕ್ಟರು ಪೇಸ್‌ಮೇಕರನ್ನು ಬದಿಗೆ ಸರಿಸಿದರು. "ಗಾಯ ಮಾಯೂತನಕ ಬ್ಯಾಡ್ರಿ ಅಮ್ಮಾ. ಒಂದಿಷ್ಟು ದಿನ ಬಲಮಗ್ಗಲಾಗಲಿ. ಆಮ್ಯಾಲ ಮಲಗಬಹುದು."

ಮೌಶಿ ತಲೆಯಾಡಿಸಿದಳು. ಹೊರಗಿನ ಬೆಂಚಿನ ಮೇಲೆ ಕಾಕಾ, ಕೈಗೆ ಸೂಜಿ ಚುಚ್ಚಿಸಿಕೊಂಡು, ಹಳೇ ಪೇಪರು ಓದುತ್ತಾ ಕೂತಿದ್ದರು. ಆಕೆ ಹೋಗಿ ಅವರ ಪಕ್ಕದಲ್ಲಿ ಕೂತು, ಅವರ ಪೇಪರನ್ನು ಮಡಿಚಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಎಲ್ಲಾ ಕೇಳಿ ಬಂದಿಯೇನು?" ಅಂದರು ಕಾಕಾ.

"ಕೇಳಿದೆ. ಒಂದಿಷ್ಟು ದಿನ ನಾ ಮಂಚದ ಆ ಕಡೆ ಮಲಗತೀನ್ರಿ."